ಸಿಪ್ಪೆಯ ಬಣ್ಣಕ್ಕೆ ನೀರೇ ಸಾಕು

ಬೆಂಗಳೂರು ಬ್ಲೂ ದ್ರಾಕ್ಷಿಯ ಒಂದು ಹಣ್ಣನ್ನು ಎರಡು ಬೆರಳ ನಡುವೆ ಒತ್ತಿದರೆ ತಿರುಳು ಚಕ್ಕನೆ ಜಾರಿ ಹೊರಗೆ ಬರುತ್ತದೆ. ಆ ತಿರುಳು ತಿಳಿಹಸಿರು. ಹೊರಗಿನಿಂದ ಕಡುನೀಲಿಯಾಗಿ, ಕಪ್ಪಾಗಿ ಕಾಣುವ ಹಣ್ಣಿನ ಬಣ್ಣವೆಲ್ಲ ಬೆರಳಲ್ಲಿ ಉಳಿದ ದಪ್ಪ ಸಿಪ್ಪೆಯಲ್ಲಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಮಕ್ಕಳು ತಿರುಳು ನುಂಗಿ ಸಿಪ್ಪೆ ಉಗಿಯುತ್ತಾರೆ. ಅದು ಹುಳಿ, ಒಗರು. ಜ್ಯೂಸ್ ಅಂಗಡಿಯವರು ಸೋಸಿ ಬುಟ್ಟಿಗೆ ಹಾಕುತ್ತಾರೆ. ರಸ ತೆಗೆಯುವ, ವೈನ್ ಮಾಡುವ ಘಟಕಗಳಲ್ಲಿ ಹಿಂಡಿದ ಮೇಲೆ ಹಿಪ್ಪೆ ರಾಶಿ ಬೀಳುತ್ತದೆ. ದ್ರಾಕ್ಷಿಯ ತೂಕದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಹೀಗೆ ಹಿಪ್ಪೆಯಾಗಿ ಉಳಿಯುತ್ತದೆ. ಅದರಲ್ಲಿರುವ ಬಣ್ಣವನ್ನು ತೆಗೆಯಲು ಮದ್ಯಸಾರವಾಗಲಿ ಪೆಟ್ರೋಲಿಯಂ ದ್ರಾವಕವಾಗಲಿ ಬೇಕಿಲ್ಲ. ನೀರು ಸಾಕು. ತೆಗೆದ ಬಣ್ಣವನ್ನು ಕೆಡದಂತೆ ಉಳಿಸಿಕೊಳ್ಳುವುದರಲ್ಲಿಯೇ ನಿಜವಾದ ಕೆಲಸವಿದೆ.

ಈ ತಳಿ ನಮ್ಮ ಸೀಮೆಗೆ ಬಂದು ನೂರೈವತ್ತು ವರ್ಷದ ಆಸುಪಾಸು. ಅಮೆರಿಕದ ಲಬ್ರಸ್ಕಾ ಎಂಬ ದ್ರಾಕ್ಷಿಯ ವಂಶ ಅದರದು. ಆ ಗಾಢ ಪರಿಮಳ, ಸಡಿಲವಾದ ಸಿಪ್ಪೆ ಎರಡೂ ಅಲ್ಲಿಂದಲೇ ಬಂದವು. ಯುರೋಪಿನ ವೈನ್ ದ್ರಾಕ್ಷಿಗಳದು ಬೇರೆ ಕುಲ, ವಿನಿಫೆರಾ. ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ ಅವರು 1980ರ ದಶಕದ ಕೊನೆಯಲ್ಲಿ ನೆಡಿಸಿದ ಫ್ರೆಂಚ್ ತಳಿಗಳು ಆ ಕುಲಕ್ಕೆ ಸೇರಿದವು. ಆದರೆ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಚಪ್ಪರದ ಮೇಲೆ ಹಬ್ಬಿಸಿ, ವರ್ಷಕ್ಕೆ ಎರಡು ಬೆಳೆ ತೆಗೆಯುವ ನಮ್ಮ ರೈತರ ದ್ರಾಕ್ಷಿ ಎಂದರೆ ಬೆಂಗಳೂರು ಬ್ಲೂ. ಬೆಂಗಳೂರು ನಗರ, ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಈ ಬೆಳೆಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದಕ್ಕೂ ಮುಂಚೆಯೇ, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಹೊತ್ತಿನಿಂದ, ಎಷ್ಟೋ ಚಪ್ಪರಗಳು ನಿವೇಶನಗಳಾಗತೊಡಗಿದ್ದವು. ಉಳಿದ ಚಪ್ಪರಗಳು ಮುಂದೆಯೂ ಉಳಿಯಬೇಕಾದರೆ ಹಣ್ಣಿನಷ್ಟೇ ಸಿಪ್ಪೆಗೂ ಬೆಲೆ ಬರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಬೇಡಿಕೆ ಎಲ್ಲಿದೆ ಎಂದರೆ ನಮ್ಮ ಬೀದಿಯಲ್ಲೇ ಇದೆ. 2024ರ ಮಾರ್ಚ್ ತಿಂಗಳಲ್ಲಿ ರಾಜ್ಯದ ಆರೋಗ್ಯ ಇಲಾಖೆ ಒಂದು ತಪಾಸಣೆಯ ಫಲಿತಾಂಶ ಹೊರಗಿಟ್ಟಿತು. ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ಕಿತ್ತು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತವಾಗಿದ್ದವು. ಬಟ್ಟೆಗೆ, ಕಾಗದಕ್ಕೆ ಬಳಸುವ ರೋಡಮೈನ್-ಬಿ ಎಂಬ ಬಣ್ಣ ಮಕ್ಕಳ ನಾಲಿಗೆಗೆ ಬಂದಿತ್ತು. ಸರ್ಕಾರ ಇಂಥ ಬಣ್ಣಗಳಿಗೆ ನಿಷೇಧ ಹೇರಿತು. ಜೂನ್‌ನಲ್ಲಿ ಕಬಾಬ್‌ಗೂ ಅದೇ ಕಟ್ಟಳೆ ಬಂತು. ನಿಷೇಧ ಸರಿಯಾದದ್ದೇ. ಆದರೆ ಕೆಂಪು ಬೇಡ ಎಂದು ಹೇಳಿದ ಮೇಲೆ ಯಾವ ಕೆಂಪು ಬೇಕು ಎಂದೂ ಹೇಳಬೇಕಲ್ಲ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಒಪ್ಪಿದ ಸಹಜ ಬಣ್ಣಗಳ ಪಟ್ಟಿಯಲ್ಲಿ ದ್ರಾಕ್ಷಿ ಸಿಪ್ಪೆಯ ಸಾರವೂ ಇದೆ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ 163 ಎಂಬ ಸಂಖ್ಯೆ ಕಂಡರೆ ಅದು ಈ ಜಾತಿಯ ಬಣ್ಣ.

ಈ ಬಣ್ಣದ ಹೆಸರು ಆಂಥೊಸಯಾನಿನ್. ನೇರಳೆ ಹಣ್ಣು, ಶಂಖಪುಷ್ಪ, ಪುನರ್ಪುಳಿ, ನೇರಳೆ ಬಣ್ಣದ ಎಲೆಕೋಸು ಎಲ್ಲದರಲ್ಲೂ ಇರುವುದು ಇದರ ಬಂಧುಗಳೇ. ಈ ಅಣುವಿಗೆ ಒಂದು ಸಕ್ಕರೆಯ ಅಣು ಅಂಟಿಕೊಂಡಿರುತ್ತದೆ, ಕೆಲವು ಸಲ ಎರಡು. ಆ ಸಕ್ಕರೆಯ ದೆಸೆಯಿಂದಲೇ ಅದು ನೀರಿನಲ್ಲಿ ಕರಗುತ್ತದೆ. ಎಲ್ಲ ಬಣ್ಣಕ್ಕೂ ಈ ಗುಣವಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಎಣ್ಣೆಗೆ ಬಿಡುತ್ತದೆ, ನೀರಿಗೆ ಬಿಡುವುದಿಲ್ಲ. ಒಗ್ಗರಣೆ ಹಾಕಿದವರಿಗೆಲ್ಲ ಇದು ಗೊತ್ತು. ಅದಕ್ಕೇ ಬ್ಯಾಡಗಿಯ ಬಣ್ಣ ತೆಗೆಯುವ ಕಾರ್ಖಾನೆಗಳು ರಾಸಾಯನಿಕ ದ್ರಾವಕಗಳನ್ನು ಬಳಸಬೇಕಾಗುತ್ತದೆ, ಆಮೇಲೆ ಆ ದ್ರಾವಕ ಒಂದಿಷ್ಟೂ ಉಳಿಯದಂತೆ ಹೊರಹಾಕಲು ಮತ್ತಷ್ಟು ಯಂತ್ರ ಬೇಕಾಗುತ್ತದೆ. ದ್ರಾಕ್ಷಿಯಲ್ಲಿ ಆ ತಾಪತ್ರಯವೇ ಇಲ್ಲ. ಕರಾವಳಿಯ ಮನೆಗಳಲ್ಲಿ ಒಣಗಿದ ಪುನರ್ಪುಳಿ ಸಿಪ್ಪೆಯನ್ನು ನೀರಲ್ಲಿ ನೆನೆಸಿ, ಹಿಂಡಿ, ಬೆಲ್ಲವೋ ಸಕ್ಕರೆಯೋ ಬೆರೆಸಿ ಕುಡಿಯುತ್ತಾರಲ್ಲ, ಅಲ್ಲಿ ನಡೆಯುವುದೂ ಇದೇ ಕೆಲಸ. ಆ ಶರಬತ್ತು ಮಾಣಿಕ್ಯದ ಹಾಗೆ ಕೆಂಪಾಗಿ ನಿಲ್ಲುವುದಕ್ಕೆ ಹಣ್ಣಿನ ಸ್ವಂತ ಹುಳಿಯೇ ಕಾರಣ.

ಹುಳಿಯ ಮಾತು ಇಲ್ಲಿ ಬಹಳ ಮುಖ್ಯ. ಆಂಥೊಸಯಾನಿನ್ ತನ್ನ ಸುತ್ತಲಿನ ಹುಳಿಗೆ ತಕ್ಕಂತೆ ರೂಪ ಬದಲಿಸುತ್ತದೆ. ಹುಳಿಯನ್ನು ಅಳೆಯುವ ಪಿಎಚ್ ಮಾಪನದಲ್ಲಿ 3ಕ್ಕಿಂತ ಕೆಳಗಿದ್ದರೆ ಅಚ್ಚ ಕೆಂಪು. 4ರಿಂದ 5ರ ನಡುವೆ ಬಹುಪಾಲು ಅಣುಗಳು ಬಣ್ಣವನ್ನೇ ಕಳೆದುಕೊಳ್ಳುತ್ತವೆ, ನೀರು ಸಪ್ಪೆಯಾಗಿ ಕಾಣುತ್ತದೆ. 6, 7ಕ್ಕೆ ಬಂದರೆ ನೇರಳೆ, ನೀಲಿ. ಇನ್ನೂ ಮೇಲೆ ಕ್ಷಾರದ ಕಡೆಗೆ ಹೋದರೆ ಹಸಿರು, ಕೊನೆಗೆ ಹಳದಿ. ಆ ಹಂತದಲ್ಲಿ ಅಣು ಮುರಿದೇ ಹೋಗಿರುತ್ತದೆ, ಮತ್ತೆ ಹುಳಿ ಹಾಕಿದರೂ ಪೂರ್ತಿ ಮರಳುವುದಿಲ್ಲ. ಸಸ್ಯಗಳ ಈ ಬಣ್ಣಗಳ ರಚನೆಯನ್ನು ಬಿಡಿಸಿ ನೋಡಿದವರಲ್ಲಿ ಜರ್ಮನಿಯ ರಿಚರ್ಡ್ ವಿಲ್‌ಸ್ಟೆಟರ್ ಮೊದಲಿಗರು. ಸಸ್ಯವರ್ಣಗಳ ಅಧ್ಯಯನಕ್ಕಾಗಿ ಅವರಿಗೆ 1915ರಲ್ಲಿ ನೊಬೆಲ್ ಬಂತು.

ಮನೆಯಲ್ಲೇ, ಶಾಲೆಯಲ್ಲೇ ಇದನ್ನು ಮಾಡಿ ನೋಡಬಹುದು. ಕಾಲು ಕಿಲೋ ಬೆಂಗಳೂರು ಬ್ಲೂ ಹಣ್ಣನ್ನು ಚೆನ್ನಾಗಿ ತೊಳೆದು, ತಿರುಳನ್ನು ಮಕ್ಕಳಿಗೆ ತಿನ್ನಲು ಕೊಟ್ಟು, ಸಿಪ್ಪೆ ಮಾತ್ರ ಇಟ್ಟುಕೊಳ್ಳಿ. ಎರಡು ಲೋಟ ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಬೆರಳು ಅದ್ದಲಾಗದಷ್ಟು ಬಿಸಿ ಇರುವಾಗಲೇ ಅರ್ಧ ಚಮಚ ನಿಂಬೆಉಪ್ಪು ಮತ್ತು ಸಿಪ್ಪೆ ಹಾಕಿ ಮುಚ್ಚಿಡಿ. ಅರ್ಧ ಗಂಟೆಯಾದ ಮೇಲೆ ತೆಳುಬಟ್ಟೆಯಲ್ಲಿ ಸೋಸಿ. ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ ಕೆಂಪು ಕಣ್ಣಿಗೆ ಕಟ್ಟುತ್ತದೆ. ಅದರಲ್ಲಿ ಸ್ವಲ್ಪವನ್ನು ಬೇರೆ ಲೋಟಕ್ಕೆ ಸುರಿದು ಅಡುಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಹೋಗಿ. ನೊರೆ ಇಳಿದಂತೆ ಕೆಂಪು ನೇರಳೆಯಾಗಿ, ನೇರಳೆ ನೀಲಿಯಾಗಿ, ಹಸಿರಿನ ಕಡೆ ತಿರುಗುತ್ತದೆ. ಇನ್ನೊಂದು ಪಾತ್ರೆಯಲ್ಲಿ ನಿಂಬೆಉಪ್ಪು ಹಾಕದೆ, ಬರಿಯ ಕೊಳವೆಬಾವಿ ನೀರಲ್ಲಿ ಅಷ್ಟೇ ಸಿಪ್ಪೆ ನೆನೆಸಿ ಹೋಲಿಸಿದರೆ ಕಲಿಯುವುದು ಇನ್ನೂ ಹೆಚ್ಚು.

ಏಕೆಂದರೆ ನಮ್ಮ ಸೀಮೆಯ ಕೊಳವೆಬಾವಿ ನೀರು ಗಡಸು. ನೂರಾರು ಅಡಿ ಕೆಳಗಿನ ಬಂಡೆಯ ಸೀಳಿನಿಂದ ಬರುವ ಆ ನೀರಿನಲ್ಲಿ ಸುಣ್ಣದ ಅಂಶ, ಬೈಕಾರ್ಬನೇಟ್ ಕರಗಿರುತ್ತವೆ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆ ಅದೇ. ಬೈಕಾರ್ಬನೇಟ್ ಸಿಪ್ಪೆಯ ಹುಳಿಯನ್ನು ನುಂಗಿಹಾಕುತ್ತದೆ, ಬಣ್ಣ ಮಂಕಾಗುತ್ತದೆ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಮತ್ತೊಂದು ತೊಂದರೆ: ಬಣ್ಣ ಕಂದುನೀಲಿಯಾಗಿ ಕೊಳಕು ಕಾಣುತ್ತದೆ. ಕಬ್ಬಿಣದ ಬಾಣಲೆ, ಕಲಾಯಿ ಹೋದ ತಾಮ್ರದ ಹಂಡೆ ಇದಕ್ಕೆ ಸಲ್ಲವು. ಸ್ಟೀಲು ಇಲ್ಲವೇ ಗಾಜು ಬೇಕು. ಮಳೆನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ನೀರು ಈ ಕೆಲಸಕ್ಕೆ ಬೇರೆ ಇಲ್ಲ. ಖರ್ಚಿಲ್ಲದೆ ಸಿಗುವ ಮೆದು ನೀರು ಅದು. ನೀರಿನಿಂದ ಬಣ್ಣ ತೆಗೆಯುತ್ತೇವೆ ಎಂದು ಹೊರಡುವ ಯಾವುದೇ ಘಟಕ ಮೊದಲು ತನ್ನ ನೀರನ್ನು ಪರೀಕ್ಷೆಗೆ ಕಳಿಸಬೇಕು.

ನಿಂಬೆಹಣ್ಣನ್ನೇ ಹಿಂಡಬಾರದೇ ಎಂದು ಕೇಳಬಹುದು. ಒಂದು ಸಲದ ಪ್ರಯೋಗಕ್ಕೆ ಅಡ್ಡಿಯಿಲ್ಲ. ತಿಂಗಳುಗಟ್ಟಲೆ ಇಡುವ ಬಣ್ಣಕ್ಕೆ ಮಾತ್ರ ನಿಂಬೆರಸಕ್ಕಿಂತ ನಿಂಬೆಉಪ್ಪು ಎಂದು ಕರೆಯುವ ಸಿಟ್ರಿಕ್ ಆಮ್ಲವೇ ವಾಸಿ. ನಿಂಬೆರಸದ ಸಿ ಜೀವಸತ್ವ ಗಾಳಿಯ ಆಮ್ಲಜನಕದ ಜೊತೆ ಸೇರಿದಾಗ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಈ ಬಣ್ಣವನ್ನು ಕೊಲ್ಲುತ್ತದೆ. ನಮ್ಮ ಒಳ್ಳೆಯದಕ್ಕೆಂದು ಸೇರಿಸಿದ ಜೀವಸತ್ವವೇ ದ್ರಾಕ್ಷಿ ಪಾನಕವನ್ನು ಕಂದಾಗಿಸಬಲ್ಲದು.

ಇನ್ನು ಬಿಸಿ. ಬಣ್ಣ ಇರುವುದು ಸಿಪ್ಪೆಯ ಜೀವಕೋಶಗಳೊಳಗಿನ ಪುಟ್ಟ ಚೀಲಗಳಲ್ಲಿ. ತಣ್ಣೀರಿನಲ್ಲಿ ಆ ಚೀಲ ಸುಲಭಕ್ಕೆ ಬಾಯಿ ಬಿಡುವುದಿಲ್ಲ. 60 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಪೊರೆಗಳು ಸಡಿಲವಾಗಿ ಬಣ್ಣ ಹೊರಗೆ ಹರಿಯುತ್ತದೆ. ಅದೇ ಬಿಸಿ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಸಿಪ್ಪೆಯಲ್ಲಿ, ಕೊಯ್ದ ಬದನೆಕಾಯಿಯನ್ನು ಕಪ್ಪಾಗಿಸುವಂಥದ್ದೇ ಕಿಣ್ವಗಳಿವೆ. ಜಜ್ಜಿದ ಸಿಪ್ಪೆಯನ್ನು ಗಾಳಿಗೆ ಬಿಟ್ಟರೆ ಅವು ಬಣ್ಣವನ್ನು ತಿನ್ನುತ್ತವೆ. ಚುರುಕಾದ ಬಿಸಿ ಅವುಗಳ ಕೆಲಸ ನಿಲ್ಲಿಸುತ್ತದೆ. ಹಾಗೆಂದು ಗಂಟೆಗಟ್ಟಲೆ ಕುದಿಸಿದರೆ ಬಣ್ಣವೇ ಒಡೆದು ಕಂದು ಕಷಾಯ ಉಳಿಯುತ್ತದೆ. ಚುರುಕಾಗಿ ಕಾಯಿಸಬೇಕು, ಬೇಗ ಸೋಸಬೇಕು, ಕೂಡಲೇ ತಣಿಸಬೇಕು. ಒಂದೇ ಸಲ ಬಿಂದಿಗೆ ನೀರು ಸುರಿಯುವುದಕ್ಕಿಂತ ಅದೇ ನೀರನ್ನು ಎರಡು ಮೂರು ಪಾಲು ಮಾಡಿ ಸರದಿಯಲ್ಲಿ ಹಾಕಿದರೆ ಹೆಚ್ಚು ಬಣ್ಣ ಬರುತ್ತದೆ. ತೆಂಗಿನತುರಿಯಿಂದ ಮೊದಲ ಹಾಲು, ಎರಡನೇ ಹಾಲು ಹಿಂಡುವ ಹಾಗೆ. ದೊಡ್ಡ ಘಟಕಗಳಲ್ಲಿ ಎರಡನೇ ಸಲದ ತಿಳಿಬಣ್ಣದ ನೀರನ್ನೇ ಹೊಸ ಸಿಪ್ಪೆಗೆ ಮೊದಲ ನೀರಾಗಿ ಹಾಯಿಸಿ ನೀರು ಉಳಿಸುವ ಪದ್ಧತಿಯಿದೆ. ಒತ್ತಡದ ಪಾತ್ರೆಯಲ್ಲಿ ನೀರನ್ನು 100 ಡಿಗ್ರಿಗೂ ಮೇಲೆ ದ್ರವವಾಗಿಯೇ ಇರಿಸಿ, ಒಣಸಿಪ್ಪೆಯ ಮೂಲಕ ಕೆಲವೇ ನಿಮಿಷ ಹಾಯಿಸುವ ಪ್ರಯೋಗಗಳೂ ನಡೆದಿವೆ. ಬಿಸಿ ಏರಿದಂತೆ ನೀರಿನ ಗುಣ ಮದ್ಯಸಾರದ ಗುಣಕ್ಕೆ ಹತ್ತಿರವಾಗುತ್ತಾ ಹೋಗುವುದೇ ಅದರ ಮರ್ಮ. ನಮ್ಮ ಹಳ್ಳಿಯ ಮಟ್ಟಕ್ಕೆ ಅದು ಸದ್ಯಕ್ಕೆ ದೂರದ ಮಾತು.

ನೀರಿನ ದಾರಿ ಹೊಸದೇನೂ ಅಲ್ಲ. ಇಟಲಿಯಲ್ಲಿ 1879ರಿಂದಲೇ ದ್ರಾಕ್ಷಿ ಹಿಪ್ಪೆಯ ಬಣ್ಣ ಎನೊಸಯಾನಿನ ಎಂಬ ಹೆಸರಲ್ಲಿ ವ್ಯಾಪಾರದ ಸರಕು. ಅಮೆರಿಕದ ಆಹಾರ ಕಾನೂನು ಎರಡು ದ್ರಾಕ್ಷಿ ಬಣ್ಣಗಳನ್ನು ಬೇರೆ ಬೇರೆಯಾಗಿ ಹೆಸರಿಸುತ್ತದೆ. ಒಂದು, ರಸ ಹಿಂಡಿದ ಮೇಲೆ ಬೀಜ ತೆಗೆದ ಹಸಿ ಹಿಪ್ಪೆಯನ್ನು ನೀರಲ್ಲಿ ನೆನೆಸಿ ತೆಗೆದದ್ದು, ಅದು ಪಾನೀಯಗಳಿಗೆ. ಇನ್ನೊಂದು ಕಾಂಕರ್ಡ್ ಎಂಬ ದ್ರಾಕ್ಷಿಯ ಬಣ್ಣದ ನೀರು ಅಥವಾ ಅದರ ಪುಡಿ. ಅದು ಪಾನೀಯವಲ್ಲದ ತಿನಿಸುಗಳಿಗೆ. ಕಾಂಕರ್ಡ್ ಕೂಡ ಲಬ್ರಸ್ಕಾ ವಂಶದ್ದು, ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯ ದಾಯಾದಿ. ಥಾಮಸ್ ವೆಲ್ಚ್ ಎಂಬ ದಂತವೈದ್ಯರು 1869ರಲ್ಲಿ ಆ ಹಣ್ಣಿನ ರಸವನ್ನು ಕಾಯಿಸಿ ಹುಳಿಯದಂತೆ ಸೀಸೆಗೆ ತುಂಬಿದ್ದು ಅಲ್ಲಿನ ದ್ರಾಕ್ಷಿ ರಸದ ಉದ್ಯಮಕ್ಕೇ ಬುನಾದಿಯಾಯಿತು. ದಾಯಾದಿಯ ಬಣ್ಣ ಒಂದು ದೇಶದ ಕಾನೂನಿನಲ್ಲಿ ಹೆಸರು ಪಡೆದಿರುವಾಗ ನಮ್ಮ ಹಣ್ಣಿನ ಸಿಪ್ಪೆ ತಿಪ್ಪೆಗೆ ಹೋಗುತ್ತಿರುವುದು ಸಂಕಟದ ಸಂಗತಿ.

ಕಾರ್ಖಾನೆಗಳು ನೀರಿಗೆ ಸ್ವಲ್ಪ ಗಂಧಕದ ಡೈಆಕ್ಸೈಡ್ ಸೇರಿಸುವುದುಂಟು. ಅದು ಬಣ್ಣದ ಅಣುವಿಗೆ ತಾತ್ಕಾಲಿಕವಾಗಿ ಅಂಟಿಕೊಂಡು ಅದನ್ನು ಇನ್ನಷ್ಟು ಕರಗುವಂತೆ ಮಾಡುತ್ತದೆ, ಹುಳಿಯುವುದನ್ನೂ ತಡೆಯುತ್ತದೆ. ಆಮೇಲೆ ಹುಳಿ ಹಾಕಿ ಕಾಯಿಸಿ ಅದನ್ನು ಓಡಿಸುತ್ತಾರೆ. ಆದರೆ ಉಬ್ಬಸ ಇರುವ ಕೆಲವರಿಗೆ ಇದು ಆಗಿಬರುವುದಿಲ್ಲ. ಒಂದು ಕಿಲೋ ಆಹಾರದಲ್ಲಿ 10 ಮಿಲಿಗ್ರಾಂ ಅಥವಾ ಹೆಚ್ಚು ಉಳಿದಿದ್ದರೆ ಲೇಬಲ್ ಮೇಲೆ ತಿಳಿಸಬೇಕೆಂದು ನಮ್ಮಲ್ಲೂ ನಿಯಮವಿದೆ. ಸಣ್ಣ ಘಟಕಗಳು ಇದರ ಗೋಜಿಗೆ ಹೋಗದೆ, ಬಿಸಿ ಮತ್ತು ಸಿಟ್ರಿಕ್ ಆಮ್ಲದಲ್ಲೇ ಕೆಲಸ ಸಾಗಿಸುವುದು ಲೇಸು.

ಈ ಬಣ್ಣ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಶರಬತ್ತು, ಜಾಮ್, ಜೆಲ್ಲಿ, ಐಸ್ ಕ್ಯಾಂಡಿ, ಹುಳಿಸಿಹಿ ಪೆಪ್ಪರಮಿಂಟು ಇವೆಲ್ಲ ಹುಳಿಯ ತಿನಿಸುಗಳು. ಅಲ್ಲಿ ದ್ರಾಕ್ಷಿ ಕೆಂಪು ಸೊಗಸಾಗಿ ನಿಲ್ಲುತ್ತದೆ. ಹಾಲು, ಖೋವಾ, ಕೇಕು ಹುಳಿಯಿಲ್ಲದವು. ಅಲ್ಲಿ ಬೂದುನೇರಳೆಯಾಗಿ ಕೆಡುತ್ತದೆ. ಮೊಸರಿನ ಹುಳಿ ಸರಿಯಾಗಿ ಬಣ್ಣ ಮಾಯವಾಗುವ ಮಟ್ಟದಲ್ಲಿದೆ. ಗೋಬಿ ಮಂಚೂರಿಗೂ ಇದು ಉತ್ತರವಲ್ಲ: ಕಾದ ಎಣ್ಣೆಯ ಶಾಖಕ್ಕೆ ಬಣ್ಣ ಸುಟ್ಟುಹೋಗುತ್ತದೆ. ಅಲ್ಲಿಗೆ ಬ್ಯಾಡಗಿ ಮೆಣಸಿನ ಪುಡಿಯೇ ಸರಿ.

ಸೀರೆಯ ಮಾತೂ ಬರುತ್ತದೆ. ದೊಡ್ಡಬಳ್ಳಾಪುರ ಮಗ್ಗಗಳ ಊರು. ರೇಷ್ಮೆ ನೂಲಿಗೆ ಬಣ್ಣ ಹಾಕುವ ಘಟಕಗಳು, ಆ ಬಣ್ಣದ ನೀರು ಚರಂಡಿಗೆ ಹರಿಯುವ ಚಿಂತೆ ಎರಡೂ ಅಲ್ಲಿವೆ. ದ್ರಾಕ್ಷಿ ಬಣ್ಣದಲ್ಲಿ ಸೀರೆ ನೇಯ್ದರೆ ಹೇಗೆ ಎಂದು ಉತ್ಸಾಹದಿಂದ ಕೇಳುವವರಿದ್ದಾರೆ. ರೇಷ್ಮೆ ಪ್ರೋಟೀನಿನ ನೂಲಾದ್ದರಿಂದ ಹತ್ತಿಗಿಂತ ಚೆನ್ನಾಗಿ ಈ ಬಣ್ಣವನ್ನು ಹೀರುತ್ತದೆ. ಪಟಕದ ನೀರಲ್ಲಿ ಅದ್ದಿದ ನೂಲಿಗೆ ನೇರಳೆ ಛಾಯೆಯೂ ಬರುತ್ತದೆ. ಆದರೆ ಸಾಬೂನು ಕ್ಷಾರ. ಮೊದಲ ಒಗೆತಕ್ಕೇ ಬಣ್ಣ ತಿರುಗುತ್ತದೆ, ಬಿಸಿಲಿಗೆ ಮಾಸುತ್ತದೆ. ಮಗಳ ಮದುವೆಗೆ ಕೊಂಡ ಸೀರೆಗೆ ಅಂಥ ಬಣ್ಣ ಹಾಕಿ ಮಾರುವುದು ನ್ಯಾಯವಲ್ಲ. ನೇಕಾರರಿಗೆ ಇನ್ನೂ ಗಟ್ಟಿಯಾದ ಸಸ್ಯಬಣ್ಣಗಳಿವೆ. ದ್ರಾಕ್ಷಿಯದು ಊಟದ ಬಣ್ಣ.

ನೀರಿನಿಂದ ತೆಗೆದರೆ ಅಗ್ಗ ಎಂಬ ಮಾತು ಅರ್ಧ ನಿಜ. ನೀರು ಬಣ್ಣವನ್ನಷ್ಟೇ ತರುವುದಿಲ್ಲ. ಸಕ್ಕರೆ, ಪೆಕ್ಟಿನ್, ಒಗರು ಎಲ್ಲವನ್ನೂ ಎಳೆದು ತರುತ್ತದೆ. ಸಕ್ಕರೆ ಇದ್ದಲ್ಲಿ ಒಂದೇ ದಿನದಲ್ಲಿ ಹುಳಿತ ಶುರು. ಪೆಕ್ಟಿನ್ ಇದ್ದರೆ ಸೋಸುವುದು ಕಷ್ಟ. ಅದನ್ನು ಒಡೆಯಲು ಪೆಕ್ಟಿನೇಸ್ ಎಂಬ ಕಿಣ್ವ ಬಳಸುತ್ತಾರೆ. ಆಮೇಲೆ ನೀರನ್ನು ಓಡಿಸಬೇಕು. ಒಂದು ಲೀಟರ್ ನೀರು ಆವಿಯಾಗಲು ಕಡಿಮೆಯೆಂದರೂ 0.6 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಸಾವಿರ ಲೀಟರಿಗೆ 600 ಯೂನಿಟ್. ಮದ್ಯಸಾರ ಕಡಿಮೆ ಬಿಸಿಗೇ ಆವಿಯಾಗುತ್ತದೆ, ನಿಜ. ಆದರೆ ಅದಕ್ಕೆ ಅಬಕಾರಿ ಪರವಾನಗಿ, ಬೆಂಕಿಯ ಭಯ, ಸೋರಿಕೆಯ ನಷ್ಟ. ಇವೆಲ್ಲವನ್ನೂ ತೂಗಿದ ಮೇಲೂ ರೈತರ ಸಂಘವೊಂದು ಧೈರ್ಯದಿಂದ ಕೈಹಾಕಬಹುದಾದ ದಾರಿ ನೀರಿನದೇ ಎಂದು ನನ್ನ ತೀರ್ಮಾನ. ಪುಡಿಯ ಹಂತಕ್ಕೇ ಹೋಗಬೇಕೆಂದೂ ಇಲ್ಲ. ಮಂದವಾದ ಸಾರದ ಮಟ್ಟಕ್ಕೆ ತಂದು, ತಣ್ಣಗಿಟ್ಟು, ಹತ್ತಿರದ ಜಾಮ್, ಶರಬತ್ತು ತಯಾರಕರಿಗೆ ಕೊಡುವುದರಿಂದ ಶುರುಮಾಡಬಹುದು.

ತೋಟದ ಕಡೆಯಿಂದ ಎರಡು ಎಚ್ಚರಿಕೆ ಬೇಕು. ಬೂಜುರೋಗಕ್ಕೆ ಬೋರ್ಡೋ ದ್ರಾವಣ, ಇತರ ಔಷಧಿ ಹೊಡೆಯುವುದು ದ್ರಾಕ್ಷಿಯಲ್ಲಿ ತಪ್ಪದು. ಅದು ಕೂರುವುದು ಸಿಪ್ಪೆಯ ಮೇಲೆಯೇ. ಹಣ್ಣು ತಿನ್ನುವವರಿಗಿಂತ ಸಿಪ್ಪೆಯ ಸಾರ ಸೇವಿಸುವವರಿಗೆ ಅದರ ಅಂಶ ಹೆಚ್ಚು ಹೋಗಬಹುದು. ಔಷಧಿಗೂ ಕೊಯ್ಲಿಗೂ ನಡುವೆ ಬಿಡಬೇಕಾದ ದಿನಗಳನ್ನು ಕಟ್ಟುನಿಟ್ಟಾಗಿ ಬಿಡಬೇಕು, ಸಾರವನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಇನ್ನೊಂದು, ಮಳೆಗೆ ಒಡೆದ ಹಣ್ಣು ಬಣ್ಣಕ್ಕೆ ಆದೀತು, ಬೂಷ್ಟು ಹಿಡಿದದ್ದು ಆಗದು. ಬೂಷ್ಟಿನ ಕಿಣ್ವ ಬಣ್ಣವನ್ನು ಕಂದಾಗಿಸಿಬಿಡುತ್ತದೆ.

ಹಿಪ್ಪೆ ಅಂದಂದೇ ಕೈಸೇರಬೇಕಾದ್ದರಿಂದ ಘಟಕ ತೋಟಗಳಿಗೆ, ರಸ ತೆಗೆಯುವ ಜಾಗಕ್ಕೆ ಹತ್ತಿರವಿರಬೇಕು. ಅದಾಗದಿದ್ದರೆ ಬೀಜ ಬೇರ್ಪಡಿಸಿ, 50ರಿಂದ 60 ಡಿಗ್ರಿಯ ಬಿಸಿಗಾಳಿಯಲ್ಲಿ ಸಿಪ್ಪೆ ಒಣಗಿಸಿಟ್ಟರೆ ಎರಡು ಬೆಳೆಗಳ ನಡುವಿನ ತಿಂಗಳಲ್ಲೂ ಕೆಲಸ ನಡೆಯುತ್ತದೆ. ನೇರ ಬಿಸಿಲಲ್ಲಿ ಹರಡಿದರೆ ಬಣ್ಣ ಹಾರುತ್ತದೆ. ಸಲಹೆಗೆ ದೂರ ಹೋಗಬೇಕಿಲ್ಲ. ಹೆಸರಘಟ್ಟದಲ್ಲಿ 1967ರಲ್ಲಿ ಶುರುವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನೆಲಮಂಗಲ, ದೊಡ್ಡಬಳ್ಳಾಪುರದವರಿಗೆ ಪಕ್ಕದಲ್ಲೇ ಇದೆ. ಬೆಂಗಳೂರು ಬ್ಲೂ ದ್ರಾಕ್ಷಿಯನ್ನೇ ತಾಯಿತಂದೆಗಳಲ್ಲಿ ಒಂದಾಗಿಸಿಕೊಂಡು ಅರ್ಕಾ ಶ್ಯಾಮ್‌ನಂಥ ತಳಿಗಳನ್ನು ಕೊಟ್ಟ ಸಂಸ್ಥೆ ಅದು. ಮೈಸೂರಿನಲ್ಲಿ 1950ರಿಂದ ಇರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಗೆ ಸಹಜ ಬಣ್ಣಗಳ ಅನುಭವ ದೀರ್ಘವಾದದ್ದು.

ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸಕ್ಕೆ ದೊಡ್ಡ ಸಂಸ್ಥೆಯೂ ಬೇಡ. ನಮ್ಮ ಯಾವ ಹೋಬಳಿಯ, ಯಾವ ಬೆಳೆಯ ಸಿಪ್ಪೆಯಲ್ಲಿ ಎಷ್ಟು ಬಣ್ಣವಿದೆ ಎಂದು ಅಳೆಯಬೇಕು. ರಾತ್ರಿ ತಂಪಾಗಿದ್ದರೆ ದ್ರಾಕ್ಷಿಗೆ ಬಣ್ಣ ಚೆನ್ನಾಗಿ ಏರುತ್ತದೆ, ಉರಿಬಿಸಿಲಿಗೆ ಏರುವುದಿಲ್ಲ. ಮಳೆಗಾಲದ ಗೊಂಚಲಿನಲ್ಲಿ ಹಸಿರು ಕಾಯಿ ಉಳಿಯುವುದು ಬೆಳೆಗಾರರಿಗೆಲ್ಲ ಗೊತ್ತು. ಹಾಗಾಗಿ ಎರಡು ಬೆಳೆಗಳ ಲೆಕ್ಕ ಒಂದೇ ಇರಲಾರದು. ಅಳೆಯುವ ವಿಧಾನ ಸರಳ: ಸಾರವನ್ನು ಪಿಎಚ್ 1ರ ದ್ರಾವಣದಲ್ಲೂ 4.5ರ ದ್ರಾವಣದಲ್ಲೂ ಬೆರೆಸಿ, 520 ನ್ಯಾನೊಮೀಟರಿನ ಆಸುಪಾಸಿನ ಬೆಳಕನ್ನು ಎರಡೂ ಎಷ್ಟು ಹೀರುತ್ತವೆ ಎಂದು ನೋಡಿ ವ್ಯತ್ಯಾಸ ತೆಗೆಯುವುದು. ಮೊದಲನೆಯದರಲ್ಲಿ ಕೆಂಪು, ಎರಡನೆಯದರಲ್ಲಿ ಬಣ್ಣವೇ ಇರುವುದಿಲ್ಲ. ವ್ಯತ್ಯಾಸವೇ ಬಣ್ಣದ ಅಳತೆ. ಸ್ಪೆಕ್ಟ್ರೋಫೋಟೋಮೀಟರ್ ಇರುವ ಯಾವುದೇ ಪದವಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಬಿಎಸ್ಸಿ ವಿದ್ಯಾರ್ಥಿಗಳು ಒಂದು ವರ್ಷದಲ್ಲಿ ಮಾಡಿ ಮುಗಿಸಬಹುದಾದ ಯೋಜನೆ ಇದು. ಅವರಲ್ಲಿ ಹಲವರ ಮನೆಯಲ್ಲೇ ದ್ರಾಕ್ಷಿ ಚಪ್ಪರ ಇರುತ್ತದೆ. ಆ ಅಂಕಿಗಳು ಕೈಯಲ್ಲಿದ್ದರೆ ರೈತರ ಸಂಘ ರಸದ ಕಾರ್ಖಾನೆಯ ಮುಂದೆ ಕೂತು ಹಿಪ್ಪೆಗೂ ಬೆಲೆ ಕಟ್ಟಿ ಮಾತಾಡಬಹುದು.